ಸವಿತಾ ಸಾವು, ಐರ್ಲೆಂಡಿನ ಜನಮತ: ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಅರ್ಧ ನಿಜವೆಷ್ಟು?

ಹುಬ್ಬಳ್ಳಿ-ಧಾರವಾಡದ ಮಂದಿಗೆ ಸವಿತಾ ಹಾಲಪ್ಪನವರ ಅನ್ನುವ ಹೆಸರು ದೂರದ್ದಲ್ಲ. ಪಕ್ಕದ ಬೆಳಗಾವಿಯ ಮನೆಮಗಳು, ಅಲ್ಲಿನ ಕೆಎಲ್‌ಇ ಸಂಸ್ಥೆಯಲ್ಲಿ ಓದಿದ ದಂತವೈದ್ಯೆ. ಮದುವೆಯಾಗಿ ಗಂಡ ಪ್ರವೀಣ ಅವರೊಂದಿಗೆ ಐರ್ಲೆಂಡಿನ ಗಾಲ್ವೇ ಊರಿಗೆ ಹೋದವರು. 2012ರ ಅಕ್ಟೋಬರ್ 28ರಂದು ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ಐದೂವರೆ ವರ್ಷಗಳ ನಂತರ, 2018ರ ಮೇ 25ರಂದು, ಐರ್ಲೆಂಡಿನ ಜನ ಗರ್ಭಪಾತದ ಕಾನೂನಿನ ಬಗ್ಗೆ ಮತ ಹಾಕಿದರು. ಆ ಪ್ರಚಾರದ ಉದ್ದಕ್ಕೂ ಸವಿತಾ ಅವರ ನಗುಮುಖ ಡಬ್ಲಿನ್ನಿನ ಗೋಡೆಗಳ ಮೇಲೆ ಇತ್ತು.

ಈ ಕಥೆ ನಮ್ಮ ಮೊಬೈಲುಗಳಲ್ಲಿ ನಾಲ್ಕು ಸಾಲಿಗೆ ಇಳಿದಿದೆ. "ಗರ್ಭಪಾತ ಮಾಡದೆ ಕೊಂದರು", "ನಮ್ಮವಳು ಅಂತ ಸಾಯಲು ಬಿಟ್ಟರು", "ಒಂದು ಸಾವಿನಿಂದ ಇಡೀ ದೇಶ ಕಾನೂನು ಬದಲಿಸಿತು", "ನಮ್ಮಲ್ಲಿ ಗರ್ಭಪಾತ ಅಪರಾಧ, ಅಲ್ಲೀಗ ಮುಕ್ತ". ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು. ಒಂದೊಂದಾಗಿ ನೋಡೋಣ. ಕೊನೆಯದು ನಮ್ಮ ಮನೆಯ ಹೆಣ್ಣುಮಕ್ಕಳ ಜೀವಕ್ಕೇ ಸಂಬಂಧಿಸಿದ್ದು. ಹಾಗಾಗಿ ಅಲ್ಲಿಯವರೆಗೂ ಓದಿ.

ಮೊದಲು, ಏನಾಯಿತು?

ಸವಿತಾ 17 ವಾರಗಳ ಗರ್ಭಿಣಿ. 2012ರ ಅಕ್ಟೋಬರ್ 21ರಂದು ಬೆನ್ನುನೋವು ಎಂದು ಗಾಲ್ವೇ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಪರೀಕ್ಷಿಸಿ ಮನೆಗೆ ಕಳಿಸಿದರು. ಅದೇ ದಿನ ನೋವು ಹೆಚ್ಚಾಗಿ ಮತ್ತೆ ಹೋದಾಗ, ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೆ ಗೊತ್ತಾಯಿತು. ಆ ರಾತ್ರಿಯೇ ನೀರಿನ ಚೀಲ ಒಡೆಯಿತು. ಆದರೆ ಭ್ರೂಣದ ಎದೆಬಡಿತ ಇನ್ನೂ ಇತ್ತು.

ಹೇಗೂ ಗರ್ಭ ಉಳಿಯುವುದಿಲ್ಲವಲ್ಲ, ಇದನ್ನು ಮುಗಿಸಿಬಿಡಿ ಎಂದು ದಂಪತಿ ಕೇಳಿಕೊಂಡರು. ಎದೆಬಡಿತ ಇರುವಾಗ, ತಾಯಿಯ ಜೀವಕ್ಕೆ ಅಪಾಯವಿದೆ ಎಂದು ಖಚಿತವಾಗದೆ ಹಾಗೆ ಮಾಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಅಕ್ಟೋಬರ್ 24ರಂದು ಸೆಪ್ಸಿಸ್ ಪತ್ತೆಯಾಯಿತು, ಅದೇ ದಿನ ಗರ್ಭಸ್ರಾವವೂ ಆಯಿತು. ತೀವ್ರ ನಿಗಾ ಘಟಕಕ್ಕೆ ಸೇರಿಸಿದರೂ ಸವಿತಾ ಉಳಿಯಲಿಲ್ಲ.

ಸೆಪ್ಸಿಸ್ ಅಂದರೆ ಬರೀ ಸೋಂಕಲ್ಲ. ಸೋಂಕಿನ ವಿರುದ್ಧ ದೇಹ ಮಿತಿ ಮೀರಿ ಪ್ರತಿಕ್ರಿಯಿಸಿ ತನ್ನದೇ ಅಂಗಗಳಿಗೆ ಪೆಟ್ಟು ಕೊಡುವ ಸ್ಥಿತಿ. ನೀರಿನ ಚೀಲ ಒಡೆದ ಮೇಲೆ ಗರ್ಭಕೋಶಕ್ಕೆ ರೋಗಾಣು ಹೋಗದಂತೆ ತಡೆಯುವ ಗೋಡೆ ಇರುವುದಿಲ್ಲ. ಗಂಟೆ ಕಳೆದಂತೆಲ್ಲ ಅಪಾಯ ಏರುತ್ತದೆ. ಸವಿತಾ ಅವರಿಗೆ ತಗುಲಿದ್ದು ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ.

ಮಾತು 1: "ಕಾನೂನೇ ಕೊಂದಿತು" / "ಕಾನೂನಿಗೂ ಸಾವಿಗೂ ಸಂಬಂಧವೇ ಇಲ್ಲ"

ಐರ್ಲೆಂಡಿನ ಪ್ರಚಾರದಲ್ಲಿ ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನು ಎತ್ತಿಕೊಂಡರು. ತಿದ್ದುಪಡಿ ಬೇಕು ಎಂದವರಲ್ಲಿ ಕೆಲವರು ಎಲ್ಲ ತಪ್ಪನ್ನೂ ಕಾನೂನಿನ ಮೇಲೆ ಹಾಕಿದರು. ಬೇಡ ಎಂದವರಲ್ಲಿ ಕೆಲವರು ಇದು ಬರೀ ಆಸ್ಪತ್ರೆಯ ನಿರ್ಲಕ್ಷ್ಯ ಎಂದರು.

ತನಿಖೆಗಳು ಎರಡನ್ನೂ ಹೇಳುತ್ತವೆ. ಹೆರಿಗೆ ತಜ್ಞ ಸಬಾರತ್ನಂ ಅರುಳ್‌ಕುಮಾರನ್ ಅಧ್ಯಕ್ಷತೆಯ ಸಮಿತಿ 2013ರ ಜೂನ್‌ನಲ್ಲಿ ವರದಿ ಕೊಟ್ಟಿತು. ರೋಗಿಯ ಸ್ಥಿತಿಯನ್ನು ಸರಿಯಾಗಿ ಅಳೆಯಲಿಲ್ಲ, ನಿಗಾ ಸಾಲಲಿಲ್ಲ. ಚಿಕಿತ್ಸೆಯ ಎಲ್ಲ ದಾರಿಗಳನ್ನೂ ಅವರ ಮುಂದೆ ಇಡಲಿಲ್ಲ. ಸೆಪ್ಸಿಸ್ ಬಗ್ಗೆ ಇದ್ದ ನಿಯಮಗಳನ್ನು ಪಾಲಿಸಲಿಲ್ಲ ಎಂದು ಅದು ಹೇಳಿತು. ದಾಖಲಾದ ದಿನವೇ ಮಾಡಿದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಹೆಚ್ಚಿದ್ದವು, ಅದರ ಬೆನ್ನು ಹತ್ತಲಿಲ್ಲ. ಅದೇ ವರ್ಷ ಆರೋಗ್ಯ ಗುಣಮಟ್ಟದ ಪ್ರಾಧಿಕಾರದ ಇನ್ನೊಂದು ವರದಿ, ಸ್ಥಿತಿ ಬದಲಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವು ಎಂದು ಎಣಿಸಿತು.

ಹಾಗಾದರೆ ಕಾನೂನಿನ ಪಾತ್ರ? ಅದೇ ಅರುಳ್‌ಕುಮಾರನ್ ವರದಿ, ಇಂಥ ಸಂದರ್ಭಗಳಿಗಾಗಿ ಕಾನೂನನ್ನು, ಬೇಕಾದರೆ ಸಂವಿಧಾನವನ್ನೂ ಪರಿಶೀಲಿಸಬೇಕು ಎಂದು ಶಿಫಾರಸು ಮಾಡಿತು. 2013ರ ಏಪ್ರಿಲ್‌ನಲ್ಲಿ ನಡೆದ ಸಾವಿನ ವಿಚಾರಣೆಯಲ್ಲಿ ತಜ್ಞ ಪೀಟರ್ ಬಾಯ್ಲನ್ ಒಂದು ಇಕ್ಕಟ್ಟನ್ನು ವಿವರಿಸಿದರು. ಮೊದಲ ಒಂದೆರಡು ದಿನದಲ್ಲೇ ಗರ್ಭ ತೆಗೆದಿದ್ದರೆ ಸವಿತಾ ಬದುಕುವ ಸಾಧ್ಯತೆ ಬಹಳ ಇತ್ತು. ಆದರೆ ಆಗ ಜೀವಕ್ಕೆ ಅಪಾಯ ಕಾಣುತ್ತಿರಲಿಲ್ಲ, ಹಾಗಾಗಿ ಕಾನೂನು ಬಿಡುತ್ತಿರಲಿಲ್ಲ. ಅಪಾಯ ಕಂಡು ಕಾನೂನು ಬಿಡುವ ಹೊತ್ತಿಗೆ ತಡವಾಗಿತ್ತು.

ನಮ್ಮ ತೀರ್ಮಾನ: ಎರಡೂ ಮಾತು ಅರ್ಧ ನಿಜ. ಕಾನೂನು ಕಾಯಿಸಿತು, ಕಾಯುವಾಗ ಬೇಕಿದ್ದ ಎಚ್ಚರ ಆಸ್ಪತ್ರೆಯಲ್ಲಿ ಇರಲಿಲ್ಲ.

ಮಾತು 2: "ಭಾರತದವಳು ಅಂತ ಹಾಗೆ ಮಾಡಿದರು"

ಇದು ತಪ್ಪು. 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ ಎಂಟನೇ ತಿದ್ದುಪಡಿ ತಾಯಿಯ ಜೀವಕ್ಕೂ ಗರ್ಭದಲ್ಲಿರುವ ಜೀವಕ್ಕೂ ಸಮಾನ ಹಕ್ಕು ಕೊಟ್ಟಿತ್ತು. ಅದು ಐರ್ಲೆಂಡಿನ ಎಲ್ಲ ಹೆಂಗಸರಿಗೂ ಒಂದೇ ರೀತಿ ಅನ್ವಯಿಸುತ್ತಿತ್ತು. 1992ರಲ್ಲಿ ಅತ್ಯಾಚಾರದಿಂದ ಗರ್ಭಿಣಿಯಾದ 14 ವರ್ಷದ ಐರಿಷ್ ಬಾಲಕಿ ಇಂಗ್ಲೆಂಡಿಗೆ ಹೋಗುವುದನ್ನೇ ತಡೆಯಲು ಸರ್ಕಾರ ಕೋರ್ಟಿಗೆ ಹೋಗಿತ್ತು. ಆತ್ಮಹತ್ಯೆಯ ಅಪಾಯವೂ ಜೀವಕ್ಕೆ ಅಪಾಯವೇ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ದಾರಿ ತೆರೆಯಿತು.

"ಇದು ಕ್ಯಾಥೊಲಿಕ್ ದೇಶ" ಎಂಬ ಮಾತು ಸವಿತಾ ಅವರ ಕಿವಿಗೆ ಬಿದ್ದದ್ದು ನಿಜ. ಅಂಥ ಮಾತು ಆಡಿದ್ದೆ ಎಂದು ಶುಶ್ರೂಷಕಿಯೊಬ್ಬರು ವಿಚಾರಣೆಯಲ್ಲಿ ಒಪ್ಪಿಕೊಂಡರು. ಇಲ್ಲಿನ ಪದ್ಧತಿ ಹೀಗೇಕೆ ಎಂದು ವಿವರಿಸಲು ಹೇಳಿದ್ದು ಎಂದರು. ಆದರೆ ಅದರಿಂದ "ಭಾರತೀಯರ ಮೇಲಿನ ದ್ವೇಷ" ಎಂದು ಅರ್ಥ ಮಾಡುವುದಕ್ಕೆ ಯಾವ ತನಿಖೆಯಲ್ಲೂ ಆಧಾರವಿಲ್ಲ. ಸವಿತಾ ಅವರಿಗಾಗಿ ಬೀದಿಗಿಳಿದ ಸಾವಿರಾರು ಜನರೂ ಐರಿಷರೇ. ಸುದ್ದಿಯನ್ನು ಹೊರತಂದದ್ದು ಐರಿಷ್ ಟೈಮ್ಸ್ ಪತ್ರಿಕೆ.

ಮಾತು 3: "ಒಂದು ಸಾವಿನಿಂದ ಕಾನೂನು ಬದಲಾಯಿತು"

ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ. ಜನಾಭಿಪ್ರಾಯ ಒಂದು ರಾತ್ರಿಯಲ್ಲಿ ಮಗುಚಿಕೊಳ್ಳುವುದಿಲ್ಲ.

1983ರಲ್ಲಿ ಎಂಟನೇ ತಿದ್ದುಪಡಿಯನ್ನು ಸೇರಿಸುವಾಗಲೂ ಜನಮತ ನಡೆದಿತ್ತು. ಆಗ ಪರವಾಗಿ ಬಿದ್ದ ಮತ ಶೇ. 66.9. ಮೂವತ್ತೈದು ವರ್ಷದ ನಂತರ ಅದನ್ನು ತೆಗೆಯಲು ಬಿದ್ದ ಮತ ಶೇ. 66.4. ಎರಡೂ ಸಲ ಮೂವರಲ್ಲಿ ಇಬ್ಬರು, ಆದರೆ ವಿರುದ್ಧ ದಿಕ್ಕಿನಲ್ಲಿ! 2018ರಲ್ಲಿ 53 ದಾಟದವರು ಯಾರೂ 1983ರಲ್ಲಿ ಮತ ಹಾಕಿರಲಿಲ್ಲ. ಅಂದರೆ ದೇಶದ ಬಹುಪಾಲು ಮತದಾರರು ಬೇರೆಯವರಾಗಿದ್ದರು.

ನಡುವೆ 1992ರಲ್ಲೂ 2002ರಲ್ಲೂ ಇದೇ ವಿಷಯದ ಬೇರೆ ಬೇರೆ ಪ್ರಶ್ನೆಗಳಿಗೆ ಜನ ಮತ ಹಾಕಿದ್ದರು. ಬೇರೆ ದೇಶಕ್ಕೆ ಹೋಗಿ ಗರ್ಭಪಾತ ಮಾಡಿಸಿಕೊಳ್ಳಲು ಅಡ್ಡಿ ಇರಬಾರದು ಎಂದು 1992ರಲ್ಲಿ ಒಪ್ಪಿದ್ದರು. 2016ರ ಒಂದೇ ವರ್ಷ ಐರ್ಲೆಂಡಿನ ವಿಳಾಸ ಕೊಟ್ಟ 3,265 ಹೆಂಗಸರು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತ ಮಾಡಿಸಿಕೊಂಡರು. ಕಾನೂನು ಊರಲ್ಲಿ ತಡೆಯಿತು, ವಿಮಾನದಲ್ಲಿ ತಡೆಯಲಿಲ್ಲ.

ಸವಿತಾ ಸಾವಿನ ನಂತರ 2013ರಲ್ಲಿ ತಾಯಿಯ ಜೀವ ಉಳಿಸುವ ಸಂದರ್ಭಕ್ಕೆ ಮಾತ್ರ ಸೀಮಿತವಾದ ಕಾನೂನು ಬಂತು. ಆಮೇಲೆ ಸರ್ಕಾರ 99 ಸಾಮಾನ್ಯ ನಾಗರಿಕರನ್ನು ಆರಿಸಿ, ನ್ಯಾಯಮೂರ್ತಿ ಮೇರಿ ಲ್ಯಾಫಾಯ್ ಅಧ್ಯಕ್ಷತೆಯಲ್ಲಿ ನಾಗರಿಕರ ಸಭೆ ಮಾಡಿತು. ವೈದ್ಯರು, ವಕೀಲರು, ಎರಡೂ ಕಡೆಯ ಸಂಘಟನೆಗಳ ಮಾತು ಕೇಳಿ 2017ರಲ್ಲಿ ಆ ಸಭೆ ಬದಲಾವಣೆಗೆ ಶಿಫಾರಸು ಮಾಡಿತು. ಅದನ್ನು ಸಂಸತ್ತಿನ ಸಮಿತಿ ಚರ್ಚಿಸಿತು. ಮತದಾನದ ಘಟ್ಟಕ್ಕೆ ಬಂದದ್ದು ಆಮೇಲೆ.

ಇನ್ನೊಂದು ಮಾತು: ಹೊಸ ಕಾನೂನಿಗೆ "ಸವಿತಾ ಕಾನೂನು" ಎಂದು ಹೆಸರಿಡಿ ಎಂದು ಅವರ ತಂದೆ ಕೋರಿದ್ದು ನಿಜ. ಆದರೆ 2018ರ ಡಿಸೆಂಬರ್‌ನಲ್ಲಿ ಸಹಿಯಾದ ಕಾನೂನಿನ ಹೆಸರಿನಲ್ಲಿ ಸವಿತಾ ಇಲ್ಲ. "ಸವಿತಾ ಹೆಸರಿನ ಕಾನೂನು ಜಾರಿಯಾಗಿದೆ" ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ.

ಮೊಬೈಲು, ಪೋಸ್ಟರು ಮತ್ತು ಪ್ರಚಾರ

ಇಲ್ಲಿಂದ ಕಥೆ ನೇರವಾಗಿ ನಮ್ಮ ನಿಮ್ಮ ಕೈಯಲ್ಲಿರುವ ಮೊಬೈಲಿಗೆ ಬರುತ್ತದೆ.

ಐರ್ಲೆಂಡಿನಲ್ಲಿ ಟಿವಿ, ರೇಡಿಯೊಗಳಲ್ಲಿ ರಾಜಕೀಯ ಜಾಹೀರಾತು ನಿಷಿದ್ಧ. ಎರಡೂ ಕಡೆಗೆ ನ್ಯಾಯವಾಗಿ ಅವಕಾಶ ಕೊಡಬೇಕು. ಆದರೆ ಅಂತರ್ಜಾಲದ ಜಾಹೀರಾತಿಗೆ ಇಂಥ ಕಾನೂನು ಇರಲಿಲ್ಲ. ಯಾರು ದುಡ್ಡು ಕೊಟ್ಟರು, ಯಾವ ದೇಶದಿಂದ ಕೊಟ್ಟರು ಎಂಬುದು ಓದುವವನಿಗೆ ಗೊತ್ತಾಗುತ್ತಿರಲಿಲ್ಲ. ಅಮೆರಿಕದ ಚುನಾವಣೆ ಮತ್ತು ಬ್ರೆಕ್ಸಿಟ್ ನಂತರ ಈ ಭಯ ಹೆಚ್ಚಿತ್ತು. ಮತದಾನಕ್ಕೆ ಎರಡು ವಾರಗಳಿಗೂ ಸ್ವಲ್ಪ ಮೊದಲು ಫೇಸ್‌ಬುಕ್ ವಿದೇಶಿ ಜಾಹೀರಾತುಗಳನ್ನು ತಡೆಯಿತು. ಮರುದಿನ ಗೂಗಲ್ ಜನಮತಕ್ಕೆ ಸಂಬಂಧಿಸಿದ ಎಲ್ಲ ಜಾಹೀರಾತುಗಳನ್ನೂ ನಿಲ್ಲಿಸಿತು.

ಜಾಹೀರಾತು ನಿಂತರೂ ಬೀದಿಯಲ್ಲಿ ಕಂಬಕ್ಕೊಂದು ಪೋಸ್ಟರ್ ಇತ್ತು. ವಿರೋಧಿಗಳ ಒಂದು ಪೋಸ್ಟರ್ ಬಹಳ ಚರ್ಚೆಯಾಯಿತು: ಇಂಗ್ಲೆಂಡಿನಲ್ಲಿ ಐದರಲ್ಲಿ ಒಂದು ಶಿಶುವಿನ ಗರ್ಭಪಾತವಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಮೂಲದಲ್ಲಿ ಒಂದು ಅಂಕಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೆರಿಗೆಗಳನ್ನೂ ಗರ್ಭಪಾತಗಳನ್ನೂ ಕೂಡಿಸಿದರೆ, ಆ ಮೊತ್ತದಲ್ಲಿ ಗರ್ಭಪಾತಗಳ ಪಾಲು ಸುಮಾರು ಐದರಲ್ಲಿ ಒಂದು. ಆದರೆ ತಾನಾಗಿಯೇ ಆಗುವ ಗರ್ಭಸ್ರಾವಗಳು ಈ ಲೆಕ್ಕದಲ್ಲಿ ಸೇರುವುದಿಲ್ಲ. "ಗರ್ಭ" ಇದ್ದ ಜಾಗದಲ್ಲಿ "ಶಿಶು" ಎಂದು ಬರೆದಾಗ ಓದುವವನ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ಅಂಕಿ ಸುಳ್ಳಲ್ಲ, ಅದಕ್ಕೆ ತೊಡಿಸಿದ ಅಂಗಿ ಬೇರೆ.

ಮತಚೀಟಿಯಲ್ಲಿದ್ದ ಪ್ರಶ್ನೆಯ ಬಗ್ಗೆಯೂ ಗೊಂದಲವಿತ್ತು. ಎಷ್ಟು ವಾರ ಎಂದು ಜನ ಮತ ಹಾಕಲಿಲ್ಲ. ಎಂಟನೇ ತಿದ್ದುಪಡಿಯನ್ನು ತೆಗೆದು, ಗರ್ಭಪಾತದ ಬಗ್ಗೆ ಸಂಸತ್ತು ಕಾನೂನು ಮಾಡಬಹುದು ಎಂಬ ಸಾಲು ಸೇರಿಸಬೇಕೇ ಎಂಬುದಷ್ಟೇ ಪ್ರಶ್ನೆ. 12 ವಾರದ ಮಿತಿ ಸರ್ಕಾರ ಮೊದಲೇ ತೋರಿಸಿದ್ದ ಕರಡಿನಲ್ಲಿತ್ತು, ಆಮೇಲೆ ಕಾನೂನಾಯಿತು.

ಹಾಗಾದರೆ ಜನರ ಮನಸ್ಸನ್ನು ಗೆದ್ದದ್ದು ಯಾವುದು? ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಸುಮಾರು ಮುಕ್ಕಾಲು ಪಾಲು ಮತದಾರರು ಪ್ರಚಾರಕ್ಕೆ ಮೊದಲೇ ನಿರ್ಧರಿಸಿದ್ದರು. ಪ್ರಭಾವ ಬೀರಿದ್ದರಲ್ಲಿ ಮುಂದೆ ಇದ್ದದ್ದು ಹೆಂಗಸರು ತಾವೇ ಹೇಳಿಕೊಂಡ ಅನುಭವಗಳು ಮತ್ತು ಪರಿಚಯದವರ ಕಥೆಗಳು. ಪೋಸ್ಟರುಗಳು ಹಿಂದೆ ಬಿದ್ದವು.

ಸಮೀಕ್ಷೆಗಳನ್ನು ನಂಬಬಹುದೆ?

"ಸಮೀಕ್ಷೆ ಎಲ್ಲ ಸುಳ್ಳು, ಒಳಮತ ಬೇರೆಯೇ ಇದೆ" ಎಂಬ ಮಾತು ನಮ್ಮಲ್ಲಿ ಪ್ರತಿ ಚುನಾವಣೆಗೂ ಓಡಾಡುತ್ತದೆ. ಐರ್ಲೆಂಡಿನಲ್ಲೂ ಬಾಯಿ ಬಿಡದ "ಬೇಡ" ಮತಗಳು ಬಹಳ ಇವೆ ಎಂದು ಕೆಲವರು ನಂಬಿದ್ದರು. ಮತದಾನ ಮುಗಿದ ರಾತ್ರಿ ಬಂದ ಎರಡು ಸಮೀಕ್ಷೆಗಳು ಬದಲಾವಣೆಯ ಪರ ಶೇ. 68 ಮತ್ತು ಶೇ. 69.4 ಎಂದವು. ನಿಜ ಫಲಿತಾಂಶ ಶೇ. 66.4: ಪರ 14,29,981 ಮತ, ವಿರುದ್ಧ 7,23,632 ಮತ. ಎರಡು ಮೂರು ಅಂಕಗಳ ವ್ಯತ್ಯಾಸ. ಒಳಮತ ಸ್ವಲ್ಪ ಇದ್ದಿರಬಹುದು, ಫಲಿತಾಂಶ ತಿರುಗಿಸುವಷ್ಟು ಇರಲಿಲ್ಲ.

ಮೊತ್ತದ ಅಂಕಿ ನೋಡಿ "ಇಡೀ ದೇಶ ಒಂದೇ ದನಿ" ಎನ್ನುವುದೂ ಸರಿಯಲ್ಲ. ಡೊನೆಗಾಲ್ ಕ್ಷೇತ್ರದ ಜನ "ಬೇಡ" ಎಂದರು. 65 ದಾಟಿದವರಲ್ಲಿ ಹೆಚ್ಚಿನವರು ವಿರುದ್ಧವಾಗಿದ್ದರು, 25ರ ಒಳಗಿನವರಲ್ಲಿ ಬಹುತೇಕರು ಪರ. ಒಂದೇ ಮನೆಯಲ್ಲಿ ಅಜ್ಜಿಯದೊಂದು ಮತ, ಮೊಮ್ಮಗಳದೊಂದು ಮತ.

ನಮ್ಮಲ್ಲೂ ಇಂಥ ಜನಮತ ಯಾಕಿಲ್ಲ?

ಐರ್ಲೆಂಡಿನ ಸಂವಿಧಾನದಲ್ಲಿ ಒಂದು ಅಕ್ಷರ ಬದಲಿಸಬೇಕೆಂದರೂ ಜನರ ಮತ ಬೇಕು. ನಮ್ಮ ಸಂವಿಧಾನದ 368ನೇ ವಿಧಿ ಆ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ದೇಶಕ್ಕೆಲ್ಲ ಒಂದು ಜನಮತ ಎಂಬ ವ್ಯವಸ್ಥೆ ಇಲ್ಲ. ನಮ್ಮ ನೆರೆಯ ಗೋವಾದಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರಕ್ಕೆ ಸೇರಬೇಕೇ ಎಂದು ಜನಮತ ತೆಗೆದುಕೊಂಡದ್ದು ಅಪರೂಪದ ಉದಾಹರಣೆ.

ಗರ್ಭಪಾತದ ಬಗ್ಗೆ ನಮ್ಮಲ್ಲಿ ಬೀದಿ ಪ್ರಚಾರ ನಡೆಯಲಿಲ್ಲ. 1964ರಲ್ಲಿ ಶಾಂತಿಲಾಲ್ ಶಾ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು, 1971ರಲ್ಲಿ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆ ಮಾಡಿತು. ಚರ್ಚೆ ಮನೆಮನೆಗೆ ಹೋಗಲಿಲ್ಲ. ಐವತ್ತು ವರ್ಷ ಕಳೆದರೂ ಎಷ್ಟೋ ಜನರಿಗೆ ಕಾನೂನೇ ಗೊತ್ತಿಲ್ಲ. ಆ ಖಾಲಿ ಜಾಗವನ್ನು ತುಂಬುವುದು ಫಾರ್ವರ್ಡ್‌ಗಳು.

ಮಾತು 4: "ನಮ್ಮಲ್ಲಿ ಗರ್ಭಪಾತ ಅಪರಾಧ"

ಇದು ಎಲ್ಲಕ್ಕಿಂತ ಅಪಾಯದ ತಪ್ಪು ತಿಳಿವಳಿಕೆ. ಕಾರಣವೂ ಇದೆ. ಸ್ಕ್ಯಾನಿಂಗ್ ಕೇಂದ್ರಗಳಲ್ಲೆಲ್ಲ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ" ಎಂಬ ಫಲಕ ಇರುತ್ತದೆ. ಅದು 1994ರ ಬೇರೆ ಕಾಯ್ದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಹತ್ಯೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ಸುದ್ದಿಯೆಲ್ಲ ಅದೇ. ಎರಡು ಕಾನೂನು ಜನರ ತಲೆಯಲ್ಲಿ ಒಂದಾಗಿಬಿಟ್ಟವು.

ನಿಜ ಹೀಗಿದೆ. ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದು, ಅದಕ್ಕಾಗಿ ಗರ್ಭ ತೆಗೆಸುವುದು ಅಪರಾಧ. ಕಾನೂನು ಹೇಳಿದ ಕಾರಣಗಳಿಗೆ, ಅರ್ಹ ವೈದ್ಯರಿಂದ, ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳುವ ಗರ್ಭಪಾತ ಅಪರಾಧವಲ್ಲ.

2021ರ ತಿದ್ದುಪಡಿಯ ನಂತರದ ಮುಖ್ಯ ಅಂಶಗಳು:

- 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ತಾಯಿಯ ಜೀವಕ್ಕೆ ಅಪಾಯ, ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ, ಭ್ರೂಣದ ಗಂಭೀರ ದೋಷ ಇವು ಕಾರಣಗಳು. ಅತ್ಯಾಚಾರದಿಂದ ಆದ ಗರ್ಭ, ಗರ್ಭನಿರೋಧಕ ವಿಫಲವಾಗಿ ಆದ ಗರ್ಭ ಎರಡನ್ನೂ ಮಾನಸಿಕ ಹಾನಿ ಎಂದೇ ಪರಿಗಣಿಸಬಹುದು.
- 20ರಿಂದ 24 ವಾರದವರೆಗೆ ನಿಯಮದಲ್ಲಿ ಹೇಳಿದ ವರ್ಗದ ಹೆಂಗಸರಿಗೆ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ.
- 24 ವಾರ ದಾಟಿದ ಮೇಲೆ ಭ್ರೂಣದ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ನಿರ್ಧಾರ.
- ತಾಯಿಯ ಜೀವ ಉಳಿಸಲು ತಕ್ಷಣ ಅಗತ್ಯವಿದ್ದರೆ ವಾರದ ಲೆಕ್ಕವಾಗಲಿ ಎರಡನೇ ವೈದ್ಯರ ಅಭಿಪ್ರಾಯವಾಗಲಿ ಅಡ್ಡ ಬರುವುದಿಲ್ಲ.
- 18 ದಾಟಿದ ಹೆಂಗಸಿನ ಒಪ್ಪಿಗೆ ಸಾಕು. ಗಂಡನ, ಅತ್ತೆಯ ಸಹಿಯನ್ನು ಕಾನೂನು ಕೇಳುವುದಿಲ್ಲ. 18ರ ಒಳಗಿದ್ದರೆ ಪೋಷಕರ ಒಪ್ಪಿಗೆ ಬೇಕು.
- ಮದುವೆಯಾಗದವರಿಗೂ ಇದೇ ಹಕ್ಕು. 20ರಿಂದ 24 ವಾರದ ಅವಕಾಶದಿಂದ ಅವರನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ.
- ಹೆಸರು, ವಿವರ ಗುಟ್ಟಾಗಿ ಇಡಬೇಕು.

ಹಾಗಂತ "ಭಾರತದಲ್ಲಿ ಕೇಳಿದರೆ ಸಾಕು" ಎಂಬುದೂ ಸರಿಯಲ್ಲ. ಇಲ್ಲಿ ಮೊದಲ ವಾರದಿಂದಲೇ ವೈದ್ಯರ ಅಭಿಪ್ರಾಯ ಬೇಕು. 2019ರ ಜನವರಿಯಿಂದ ಐರ್ಲೆಂಡಿನಲ್ಲಿ 12 ವಾರದವರೆಗೆ ಕಾರಣ ಹೇಳಬೇಕಿಲ್ಲ, ಆದರೆ ಮೂರು ದಿನ ಕಾಯಬೇಕು. ಆಮೇಲೆ ಬಿಗಿ ನಿಯಮಗಳಿವೆ. ಎರಡು ದೇಶದ ಕಾನೂನು ಎರಡು ರೀತಿ.

ಗೊತ್ತಿಲ್ಲದಿರುವುದರ ಬೆಲೆ

ಅಪರಾಧ ಎಂದು ಹೆದರಿದವರು ಆಸ್ಪತ್ರೆಗೆ ಹೋಗುವುದಿಲ್ಲ. ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಮಾತ್ರೆ ತರುತ್ತಾರೆ, ಪಪ್ಪಾಯಿ, ಕಷಾಯ ಎಂದು ಮನೆಮದ್ದು ಮಾಡುತ್ತಾರೆ, ಕೊನೆಗೆ ನಕಲಿ ವೈದ್ಯರ ಬಾಗಿಲಿಗೆ ಹೋಗುತ್ತಾರೆ. ಗರ್ಭ ಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಮಾತ್ರೆಯಿಂದ ಅದು ಹೋಗುವುದಿಲ್ಲ. ನಾಳ ಒಡೆದರೆ ಜೀವವೇ ಹೋಗಬಹುದು. ಅರ್ಧ ಉಳಿದರೆ ರಕ್ತಸ್ರಾವ, ಸೋಂಕು.

ಗರ್ಭಿಣಿಗಾಗಲಿ, ಗರ್ಭಸ್ರಾವ, ಗರ್ಭಪಾತ, ಹೆರಿಗೆ ಆದವರಿಗಾಗಲಿ ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ: ಚಳಿ ನಡುಕದ ಜ್ವರ ಅಥವಾ ಮೈ ತಣ್ಣಗಾಗುವುದು, ಜೋರು ಎದೆಬಡಿತ, ಏದುಸಿರು, ದುರ್ವಾಸನೆಯ ಸ್ರಾವ, ಮೂತ್ರ ಕಡಿಮೆಯಾಗುವುದು, ಗೊಂದಲದ ಮಾತು, ನಿಲ್ಲದ ರಕ್ತಸ್ರಾವ, ತಡೆಯಲಾಗದ ಹೊಟ್ಟೆನೋವು. ನೀರು ಹೋದ ಹಾಗೆ ಅನ್ನಿಸಿದರೂ ಅಷ್ಟೆ. ಹತ್ತಿರದ ಆಸ್ಪತ್ರೆಗೆ ಹೋಗಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. "ಸೆಪ್ಸಿಸ್ ಇರಬಹುದೇ?" ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಗರ್ಭಪಾತ ಸರಿಯೋ ತಪ್ಪೋ ಎಂಬುದರಲ್ಲಿ ನಿಮ್ಮ ನಂಬಿಕೆ ನಿಮ್ಮದು. ಐರ್ಲೆಂಡಿನ ಮತದಾರರೂ ಅದರಲ್ಲಿ ಒಂದಾಗಿರಲಿಲ್ಲ. ಆದರೆ ಅಂಕಿ, ಕಾನೂನು, ಲಕ್ಷಣ ಇವು ನಂಬಿಕೆಯ ವಿಷಯವಲ್ಲ. ಸವಿತಾ ಅವರ ಫೋಟೊ ಇರುವ ಸಂದೇಶ ಇನ್ನೊಮ್ಮೆ ಬಂದರೆ, ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಇಸವಿ, ದಿನಾಂಕ ಇದೆಯೇ? ಅಂಕಿ ಇದ್ದರೆ ಯಾವುದರಲ್ಲಿ ಎಷ್ಟು ಎಂದು ಹೇಳಿದೆಯೇ? ಇದನ್ನು ಓದಿ ಹೆದರಿದ ಹೆಣ್ಣುಮಗಳೊಬ್ಬಳು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟರೆ ಏನಾದೀತು? ಮೂರನೆಯದಕ್ಕೆ ಉತ್ತರ ಕಷ್ಟವಾದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ. ಬದಲಿಗೆ ಮೇಲಿನ ಲಕ್ಷಣಗಳ ಪಟ್ಟಿಯನ್ನು ಮನೆಯ ಗ್ರೂಪಿಗೆ ಕಳಿಸಿ.